ಸೂಜಿಗೆ ದಾರ ಏರಿಸಿದ ದಿನ

ಶರ್ಟಿನ ಗುಂಡಿಗಿಂತ ಚಿಕ್ಕದಾದ ಒಂದು ಪ್ಲಾಸ್ಟಿಕ್ ಬಿಲ್ಲೆಯನ್ನು ಬೆರಳ ತುದಿಯಲ್ಲಿಟ್ಟುಕೊಂಡು ಬೀಗಿದವನು ನಾನು. ನಗಬೇಡಿ. ಅರವತ್ತರ ದಶಕ ಆಗಷ್ಟೇ ಕಾಲಿಟ್ಟಿದ್ದ ದಿನಗಳು. ಮಿಲ್ಲಿನ ಸೈರನ್ನಿಗೆ ಏಳುವ, ಮಿಲ್ಲಿನ ಸೈರನ್ನಿಗೇ ಉಣ್ಣುವ ದಾವಣಗೆರೆಯಲ್ಲಿ, ಕಣ್ಣೊಳಗೇ ಕೂರುವ ಕನ್ನಡಕವೊಂದಿದೆಯೆಂದರೆ ಜನ ನನ್ನ ತಲೆಯ ಬಗ್ಗೆಯೇ ಅನುಮಾನಪಡುತ್ತಿದ್ದರು. ಮುಂಬಯಿಯಲ್ಲಿ ಆ ವಿದ್ಯೆ ಕಲಿತು ಬಂದು, ಕನ್ನಡಕದಂಗಡಿಯ ಹಿಂಬದಿಯಲ್ಲೊಂದು ಕತ್ತಲೆ ಕೋಣೆ ಮಾಡಿಕೊಂಡು, ಮೊದಲ ಕಣ್ಣಿಗಾಗಿ ಕಾದು ಕೂತಿದ್ದೆ.

ಆ ಕಣ್ಣು ಹರಿಹರದ ಹಾಜಿರಾಬಿಯದು. ಬಟ್ಟೆ ಹೊಲಿದು ಒಬ್ಬಳೇ ಮಗಳನ್ನು ಸಾಕುತ್ತಿದ್ದ ವಿಧವೆ. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲ ದುಂಡಗಿರದೆ, ಬುಗುರಿಯ ಮೊಳೆಯ ಕಡೆಯಂತೆ ಮುಂದಕ್ಕೆ ಚೂಪಾಗಿತ್ತು. ಯಾವ ಕನ್ನಡಕಕ್ಕೂ ಬಗ್ಗದ ಕಣ್ಣು. ಎಡದ್ದು ಆಗಲೇ ಹೋಗಿತ್ತು. ಬಲದ್ದು ಉಳಿದರೆ ಹೊಲಿಗೆ ಉಳಿಯುತ್ತಿತ್ತು.

ಮುಂಬಯಿಯಿಂದ ಬಂದ ಬಿಲ್ಲೆಯನ್ನು ಕೂರಿಸಿ, ಬಣ್ಣದ ಹನಿ ಬಿಟ್ಟು, ನೀಲಿ ದೀಪ ಹಿಡಿದೆ. ಬಿಲ್ಲೆಯ ಕೆಳಗೆ ಹಸಿರು ಹರಡಿತು. ನಟ್ಟನಡುವೆ ಮಾತ್ರ ದಪ್ಪ ಕಪ್ಪು ಚುಕ್ಕೆ. ಅಂದರೆ ಅಲ್ಲಿ ಒತ್ತುತ್ತಿದೆ, ಬೇರೆ ಬಿಲ್ಲೆ ತರಿಸಬೇಕು. ನೋಡಿದೆ. ಚೆನ್ನಾಗಿಯೇ ನೋಡಿದೆ. ಆದರೆ ಇನ್ನೊಂದು ತಿಂಗಳು ಕಾಯುವ ತಾಳ್ಮೆ ನನಗೆಲ್ಲಿತ್ತು? ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದು, ಓದು ಬಾರದ ಆಕೆಯ ಕೈಗೆ ಸೂಜಿದಾರ ಕೊಟ್ಟೆ. ಒಂದೇ ಸಲಕ್ಕೆ ಏರಿಸಿದಳು. ಜನ ಭೇಷ್ ಅಂದರು. ನಾನು ಮದುವಣಿಗನ ಹಾಗೆ ನಿಂತಿದ್ದೆ.

ಮೂರು ವಾರಕ್ಕೆ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ ಬಂದಳು. ಕಣ್ಣು ಕೆಂಡವಾಗಿತ್ತು. ಅಂಗಡಿಯ ಬಾಗಿಲೆಳೆದು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಹುಣ್ಣಾಗಿದೆ, ಹೇಗಾಯಿತು ಎಂದು ಅವರು ಕೇಳಿದ್ದು ನನ್ನನ್ನು. ಕಪ್ಪು ಚುಕ್ಕೆಯ ಮಾತೆತ್ತದೆ, ರಾತ್ರಿ ಬಿಲ್ಲೆ ತೆಗೆಯದೆ ಮಲಗಿಬಿಟ್ಟಿರಬೇಕು ಎಂದುಬಿಟ್ಟೆ. ಪಕ್ಕದಲ್ಲೇ ಕೂತಿದ್ದ ಹಾಜಿರಾಬಿ ನನ್ನತ್ತ ಮುಖ ತಿರುಗಿಸಿ, "ಹೌದ್ರಿ, ನಂದೇ ತಪ್ಪು" ಅಂದಳು.

ಹೊರಗೆ ಬಂದ ಮೇಲೆ, ನೋಯುತ್ತಿದ್ದರೆ ಮೊದಲ ದಿನವೇ ಯಾಕೆ ಹೇಳಲಿಲ್ಲವೆಂದು ಗದರಿದೆ; ಗದರಿದವನೂ ನಾನೇ, ನೋಡಿ!

"ಇಪ್ಪತ್ತು ವರ್ಷದಿಂದ ದಾರ ಬೆರಳಿಂದ್ಲೇ ಏರಿಸ್ತೀನ್ರಿ, ಕಣ್ಣು ಬ್ಯಾಡ ಅದಕ್ಕೆ. ಅಷ್ಟು ಮಂದಿನ ಕರೆದಿದ್ರಿ. ಚುಚ್ತೈತಿ ಅಂತ ಹೆಂಗೆ ಹೇಳ್ಲಿ?"

ದರ್ಜಿಯ ಕಣ್ಣನ್ನು ಸೂಜಿಯಿಂದ ಪರೀಕ್ಷಿಸಿದ ಮಹಾ ಪಂಡಿತ ನಾನು! ಹುಣ್ಣು ಮಾಯಿತು, ನೋಟಕ್ಕೆ ಅಡ್ಡವಾಗಿ ಬಿಳಿಯ ಕಲೆ ಉಳಿಯಿತು, ಹೊಲಿಗೆ ನಿಂತಿತು. ಕಣ್ಣಿಗೆ ಕಣ್ಣು ಕೊಟ್ಟು ನೋಡುವುದೇ ಕಸುಬಾದ ನನಗೆ, ಆ ಮುಖವನ್ನು ನೆಟ್ಟಗೆ ನೋಡುವ ಧೈರ್ಯ ಮಾತ್ರ ಬರಲಿಲ್ಲ. ನಾಚಿಕೆಯೆಂಬುದು ಒಂದು ದಿನದ ಸಂಕಟವೆಂದುಕೊಂಡಿದ್ದೆ, ಮಿತ್ರರೇ. ಅದು ಮನೆ ಮಾಡಿಕೊಂಡು ಕೂರುತ್ತದೆ.

ಐದಾರು ವರ್ಷದ ಮೇಲೆ ಬೆಳೆದ ಮಗಳಿಗೂ ಅದೇ ತೊಂದರೆ ಕಾಣಿಸಿತು. ತಾಯಿ ನನ್ನಲ್ಲಿಗೇ ಕರೆತಂದಳು. ಈ ಸಲ ಎರಡು ಬಿಲ್ಲೆ ಹಿಂದಕ್ಕೆ ಕಳಿಸಿ ಮೂರನೆಯದನ್ನು ಕೂರಿಸಿ, ಅದೇ ಡಾಕ್ಟರಿಗೆ ತೋರಿಸಿದೆ. ಅವರು ಒಪ್ಪಿದರು, ಎಲ್ಲರಿಗೂ ಹೇಳುವ ಬುದ್ಧಿಮಾತನ್ನು ಹುಡುಗಿಗೂ ಹೇಳಿದರು. ಹರಿಹರದ ಹೊಲಿಗೆಯಾಕೆಯೊಬ್ಬಳು ಇದನ್ನು ತೆಗೆಯದೆ ಮಲಗಿ ಕಣ್ಣು ಕಳಕೊಂಡಳು, ಹುಷಾರು ಎಂದು. ಹುಡುಗಿಯ ಪಕ್ಕದಲ್ಲಿ ಕೂತ ತಾಯಿಯೇ ಆಕೆಯೆಂಬುದು ಅವರಿಗೆ ಮರೆತುಹೋಗಿತ್ತು.

ಅದು ಯಾರ ಕತೆಯೆಂದು ಮಗಳಿಗೆ ತಿಳಿಯಿತು. ತಾಯಿಯ ಕಡೆ ತಿರುಗಿ, "ಅಷ್ಟೂ ಗೊತ್ತಾಗ್ಲಿಲ್ಲೇನಮ್ಮಾ ನಿನಗೆ" ಅಂದಳು.

ಹಾಜಿರಾಬಿ ತಲೆ ತಗ್ಗಿಸಿದಳು. ನಾನು ಅವತ್ತೂ ಬಾಯಿ ಬಿಡಲಿಲ್ಲ.