ಮೀಟರಿನ ಗಾಜಿನ ಮೇಲಿನ ಕುಂಕುಮ

ಸೇಡಂನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಭೀಮಶ್ಯಾ ಎಂದರೆ ಒಂದು ಕ್ಷಣ ಯೋಚಿಸುತ್ತಾರೆ, ‘ಅಂಬಾಸಿಡರ್ ಭೀಮಣ್ಣ’ ಎಂದರೆ ತಕ್ಷಣ ಕೈ ತೋರಿಸುತ್ತಾರೆ. ಅವರು ಹುಟ್ಟಿದ್ದು ತೆಂಗಳಿಯಲ್ಲಿ, ಬೆಳೆದದ್ದು ಶಹಾಬಾದದ ಕಲ್ಲು ಖಣಿಗಳ ನಡುವೆ. ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲು ಎತ್ತುತ್ತಿದ್ದರು. ಮಗ ಅದೇ ಕಲ್ಲು ಹೊತ್ತ ಲಾರಿಗೆ ಕ್ಲೀನರ್ ಆಗಿ ಸೇರಿ, ಆಮೇಲೆ ಡ್ರೈವರ್ ಆದರು. ಲಾರಿಯಿಂದ ಇಳಿಸಿ ತಮ್ಮ ಹಾಲಿನ ಬಣ್ಣದ ಅಂಬಾಸಿಡರ್ ಕಾರಿನಲ್ಲಿ ಕೂರಿಸಿದವರು ಸೇಡಂನ ವಕೀಲ ಧೀರೇಂದ್ರರಾಯರು. ರಾಯರು ತೀರಿಹೋದ ಮೇಲೆ ಕಾರೂ ಡ್ರೈವರೂ ಅವರ ಹೆಂಡತಿ ಸುಮಿತ್ರಾಬಾಯಿಯವರಿಗೆ ಉಳಿದರು.

ಸುಮಿತ್ರಾಬಾಯಿ ಹೆಣ್ಣುಮಕ್ಕಳ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಹಾಲಿನವನು ಅಳೆದು ಹಾಕಿದ ಹಾಲನ್ನು ತಮ್ಮ ಪಾತ್ರೆಯಲ್ಲಿ ಇನ್ನೊಮ್ಮೆ ಅಳೆಯುತ್ತಾರೆ. ಗ್ಯಾಸಿನ ಸಿಲಿಂಡರ್ ಎತ್ತಿ, ಅಲುಗಿಸಿ ನೋಡಿಯೇ ಒಳಗೆ ತೆಗೆದುಕೊಳ್ಳುತ್ತಾರೆ. ಗಂಡ ಇರುವಾಗ ಅವರ ಈ ಸ್ವಭಾವ ಮನೆಯ ಹೊಸ್ತಿಲೊಳಗೇ ಇತ್ತು. ಒಂಟಿಯಾದ ಮೇಲೆ ಅದು ಅಂಗಳಕ್ಕೆ ಇಳಿದು ಕಾರಿನ ಬಳಿಗೂ ಬಂತು. ಅಷ್ಟಾದರೂ ಭೀಮಶ್ಯಾ ಅವರತ್ತ ಬಾಯಿಯವರು ಬೆರಳು ತೋರಿಸಿರಲಿಲ್ಲ, ಪೆಟ್ರೋಲ್ ಮೀಟರಿನ ಮುಳ್ಳು ಕೆಡುವ ತನಕ.

ಬಾಯಿಯವರು ವಾರಕ್ಕೊಮ್ಮೆ ಚಿತ್ತಾಪುರದಲ್ಲಿರುವ ತಂಗಿಯ ಮನೆಗೆ ಹೋಗಿಬರುತ್ತಿದ್ದರು. ಈ ಚಳಿಗಾಲದಲ್ಲಿ ಒಂದು ಸಂಜೆ ತಿರುಗಿ ಬಂದಾಗ ಮುಳ್ಳು ಅರ್ಧದ ಮೇಲಿತ್ತು. ಮರುದಿನ ಬೆಳಿಗ್ಗೆ ಕೀಲಿ ತಿರುಗಿಸಿದರೆ ಕಾಲು ಭಾಗಕ್ಕೆ ಇಳಿದಿತ್ತು. ಕಾರು ರಾತ್ರಿಯೆಲ್ಲ ಅಂಗಳದಲ್ಲೇ ನಿಂತಿತ್ತು. ಕಡ್ಡಿ ಇಳಿಬಿಟ್ಟು ಅಳೆಯೋಣವೆಂದರೆ ಟ್ಯಾಂಕಿನ ಕೊಳವೆ ಸೊಟ್ಟ, ಕಡ್ಡಿ ತಳ ಮುಟ್ಟುವುದಿಲ್ಲ.

“ಭೀಮಶ್ಯಾ, ಪೆಟ್ರೋಲ್ ಎಲ್ಲಿ ಹೋತು?”

“ಎಲ್ಲಿ ಹೋಗ್ತದರಿ ಬಾಯಾರ, ಟ್ಯಾಂಕಿನಾಗ ಅದ. ಮುಳ್ಳು ಸುಳ್ಳು ಹೇಳಾಕತ್ತದ.”

“ಮುಳ್ಳಿಗೇನು ಸುಳ್ಳು ಹೇಳಿ ಆಗಬೇಕಾಗ್ಯದ?”

ಈ ಮಾತು ಭೀಮಶ್ಯಾ ಅವರಿಗೆ ನಾಟಿತು. ಸುಳ್ಳು ಹೇಳಿ ಲಾಭವಾಗುವುದು ಯಾರಿಗೆ ಎಂಬುದನ್ನು ಬಾಯಿಯವರು ಹೇಳದೆಯೇ ಹೇಳಿದ್ದರು.

ಮುಂದಿನ ವಾರ ಚಿತ್ತಾಪುರದಿಂದ ಬಂದ ಸಂಜೆ ಬಾಯಿಯವರು ದೇವರ ಕೋಣೆಯಿಂದ ಕುಂಕುಮದ ಬಟ್ಟಲು ಹಿಡಿದು ಬಂದರು. ಮುಳ್ಳು ನಿಂತ ಜಾಗಕ್ಕೆ ಸರಿಯಾಗಿ ಮೀಟರಿನ ಗಾಜಿನ ಮೇಲೆ ಒಂದು ಬೊಟ್ಟು ಇಟ್ಟರು. ಭೀಮಶ್ಯಾ ಅದನ್ನು ಪೂಜೆಯೆಂದುಕೊಂಡು, ಪಕ್ಕದಲ್ಲಿ ನಿಂತು ಕೈ ಮುಗಿದರು. ಮರುದಿನ ಬಾಯಿಯವರು ಕಾರಿನೊಳಗೆ ಬಗ್ಗಿ, ಬೊಟ್ಟಿಗಿಂತ ಎರಡು ಬೆರಳು ಕೆಳಗಿದ್ದ ಮುಳ್ಳನ್ನೂ ಅವರ ಮುಖವನ್ನೂ ಒಂದಾದ ಮೇಲೆ ಒಂದರಂತೆ ನೋಡಿದಾಗ ಆ ಪೂಜೆ ಎಂಥದೆಂದು ತಿಳಿಯಿತು. ಮುಗಿದ ಕೈಗಳನ್ನು ನೆನೆದು ಅವರಿಗೇ ನಾಚಿಕೆಯಾಯಿತು.

ಮಾತು ಅಂಗಳದಲ್ಲಿ ನಿಲ್ಲಲಿಲ್ಲ. ಬಾಯಿಯವರು ಪೆಟ್ರೋಲ್ ಪಂಪಿನಲ್ಲಿ ನಾಲ್ಕು ಜನರೆದುರು, “ಹಾಕಿದ್ದು ಪೂರಾ ಹಾಕ್ತೀರೋ, ಇವಗ ಒಂದಿಷ್ಟು ಕ್ಯಾನಿನಾಗ ಕೊಡ್ತೀರೋ?” ಎಂದು ಕೇಳಿಬಿಟ್ಟರು. ಸಂಜೆಯ ಹೊತ್ತಿಗೆ ಸ್ಟ್ಯಾಂಡಿನ ಡ್ರೈವರುಗಳಿಗೆ ಅದು ಚಹಾದ ಜೊತೆಯ ಮಾತಾಯಿತು.

“ಏನ್ ಭೀಮಣ್ಣ, ಪೈಪ್ ಬಾಯಾಗ ಇಟ್ಟು ಎಳೀತಿ ಅಂತಲ್ಲೋ! ರುಚಿ ಹ್ಯಾಂಗದ?”

“ನಿನ್ನ ಜೀಪಿನ ಡೀಸೆಲ್‌ಕಿಂತ ಚಲೋ ಅದ, ಕುಡೀ ಬಾ,” ಎಂದು ಭೀಮಶ್ಯಾ ನಕ್ಕರು. ಮನೆಗೆ ಬಂದು ಊಟ ಮಾಡಲಿಲ್ಲ.

“ಆ ಕೆಲಸ ಬಿಟ್ಟು ಬರ್ರಿ,” ಎಂದರು ಹೆಂಡತಿ ಸಾಬಮ್ಮ. “ದುಡಿಯೋರಿಗಿ ಯಾ ಊರಿನಾಗ ಕೆಲಸ ಸಿಗಂಗಿಲ್ಲ?”

“ಈಗ ಕೆಲಸ ಬಿಟ್ರ ಕದ್ದೀನಿ ಅಂತ ಒಪ್ಪಿಕೊಂಡಂಗ ಆಗ್ತದ. ಕಳ್ಳ ಅನ್ನೋ ಹೆಸರು ಹೊತ್ಕೊಂಡು ಹೋದ್ರ ಚಿಂಚೋಳಿ ತನಕ ಯಾರೂ ಗಾಡಿ ಕೊಡಂಗಿಲ್ಲ. ಮೊದಲ ಆ ಮುಳ್ಳಿಂದು ಆಗಲಿ.”

ಅಂದಿನಿಂದ ಅವರ ಕಣ್ಣು ಅರ್ಧ ರಸ್ತೆಯ ಮೇಲೆ, ಅರ್ಧ ಮೀಟರಿನ ಮೇಲೆ. ಚಿತ್ತಾಪುರದ ದಾರಿಯ ಒಂದು ತಗ್ಗಿನಲ್ಲಿ ಕಾರು ಕುಲುಕಿದಾಗ ಅವರು ಒಂದು ವಿಷಯ ಕಂಡರು. ಪೆಟ್ರೋಲ್ ಮುಳ್ಳಿನ ಜೊತೆಗೇ ಪಕ್ಕದಲ್ಲಿದ್ದ ಇಂಜಿನ್ ಬಿಸಿಯ ಮುಳ್ಳೂ ದಬಕ್ಕನೆ ಬಿತ್ತು. ಇನ್ನೊಂದು ತಗ್ಗು ದಾಟಿದ ಮೇಲೆ ಎರಡೂ ಕೂಡಿಯೇ ಎದ್ದವು. ಅವರು ಕಾರನ್ನು ಬದಿಗೆ ನಿಲ್ಲಿಸಿ ಹಿಂದೆ ತಿರುಗಿದರು.

“ಬಾಯಾರ, ಈಗ ನೀವೂ ನೋಡಿದ್ರಿಲ್ಲ? ಪೆಟ್ರೋಲ್ ನಾ ಕದ್ದೆ ಅನ್ರಿ. ಇಂಜಿನ್ನಿನ ಬಿಸಿನೂ ಕದ್ದು ಮನೀಗಿ ಒಯ್ದೆನೇನ್ರಿ?”

ಬಾಯಿಯವರು ವಿಜ್ಞಾನ ಕಲಿಸಿದವರು, ಮಾತಿನಲ್ಲಿ ಹುರುಳಿದೆ ಎಂದು ತಿಳಿಯದೆ ಇರಲಿಲ್ಲ. ಹಾಗಂತ ಅನುಮಾನ ಬಿಡಲೂ ಮನಸ್ಸಾಗಲಿಲ್ಲ. “ವಾಡಿಗಿ ನಡಿ. ಸೇಡಂನ ಮಿಸ್ತ್ರಿ ಬ್ಯಾಡ, ಅವರೆಲ್ಲ ನಿನ್ನ ಗುರುತಿನವರು,” ಎಂದರು.

ವಾಡಿಯಲ್ಲಿ ರೈಲ್ವೆ ಗೇಟಿನಾಚೆ ಮುನಾಫನ ಅಂಗಡಿ. ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಾನೆ, ವಯಸ್ಸು ಮೂವತ್ತರೊಳಗೆ.

“ಬರ್ರಿ ಅಮ್ಮಾರ, ಕುಂದ್ರಿ. ಭಾಳ ದಿನಕ್ಕ ಇಂಥ ಗಾಡಿ ನೋಡ್ದೆ.”

“ನಾ ಕುಂದ್ರಂಗಿಲ್ಲ. ನಿಮ್ಮಿಬ್ಬರಿಗಿ ಮೊದಲೇ ಪರಿಚಯ ಅದೇನು?”

“ಇಲ್ಲ್ರಿ. ಇವರ ಹೆಸರೂ ಗೊತ್ತಿಲ್ಲ.”

“ಹೆಸರು ನಾ ಕೇಳೇ ಇಲ್ಲ,” ಎಂದ ಬಾಯಿಯವರ ಅನುಮಾನ ಇನ್ನೂ ಒಂದು ಗೇಣು ಬೆಳೆಯಿತು.

ಮುನಾಫ ಡಿಕ್ಕಿ ತೆಗೆದು, ಟ್ಯಾಂಕಿನ ಮೇಲಿನ ವೈರ್ ಬಿಚ್ಚಿ ಕಾರಿನ ಲೋಹಕ್ಕೆ ತಾಗಿಸಿದ. “ಹಿಂಗ ಹಚ್ಚಿದ್ರ ಮುಳ್ಳು ಸೀದಾ ಫುಲ್‌ಗಿ ಹೋಗಬೇಕು. ಎಲ್ಲಿಗಿ ಬಂತು?” ಎಂದು ಕೂಗಿದ. ಭೀಮಶ್ಯಾ ಮಾತಾಡುವ ಮೊದಲೇ ಬಾಯಿಯವರು ಕಿಟಕಿಯಲ್ಲಿ ತಲೆ ತೂರಿಸಿ, “ಅರ್ಧಕ್ಕ ನಿಂತು ನಡುಗಾಕತ್ತದ,” ಎಂದರು. ಆಮೇಲೆ ಅವನು ಬಾನೆಟ್ ಎತ್ತಿ ಇಂಜಿನ್ನಿನ ವೈರನ್ನು ಹಾಗೆಯೇ ತಾಗಿಸಿ ನೋಡಿದ. ಬಿಸಿಯ ಮುಳ್ಳೂ ಅರ್ಧಕ್ಕೇ ನಿಂತಿತು.

“ಟ್ಯಾಂಕ್ ಛಲೋ ಅದ, ಇಂಜಿನ್ನೂ ಛಲೋ ಅದ. ಎರಡೂ ಮೀಟರಿಗಿ ಕರೆಂಟ್ ತರೋ ವೈರ್ ಒಂದೇ ಇರ್ತದರಿ. ಅದು ಸಡಿಲ ಆಗಿರಬೇಕು.”

ಅವನು ಸ್ಟಿಯರಿಂಗ್ ಕೆಳಗೆ ಅಂಗಾತ ಮಲಗಿ, ಮೀಟರುಗಳ ಹಿಂದಕ್ಕೆ ಟಾರ್ಚ್ ಬಿಟ್ಟ. “ಇಲ್ಲೊಂದು ಹಳದಿ ಅರಿವಿ ಗಂಟು ಸಿಗಬಿದ್ದದ—”

“ಮುಟ್ಟಬ್ಯಾಡ ಭಾಯಿ!” ಭೀಮಶ್ಯಾ ಚೀರಿದರು.

ಬಾಯಿಯವರು ತಟ್ಟನೆ ತಿರುಗಿದರು. “ಅಲ್ಲಿ ಗಂಟು ಇದ್ದದ್ದು ನಿನಗ ಹ್ಯಾಂಗ ಗೊತ್ತು?”

“ನೀವೇ ಇಟ್ಟೀರಲ್ಲರಿ ಬಾಯಾರ. ಮಂತ್ರಾಲಯದಿಂದ ಬಂದ ದಿನ, ನನ್ನ ಎದುರಿಗೇ.”

ಬಾಯಿಯವರಿಗೆ ನೆನಪಾಯಿತು. ಚಳಿಗಾಲಕ್ಕೆ ಸ್ವಲ್ಪ ಮೊದಲು ಮಠದಿಂದ ತಂದ ಮಂತ್ರಾಕ್ಷತೆ, ಮೃತ್ತಿಕೆಯನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ, ಕಾರಿಗೆ ರಕ್ಷೆ ಇರಲೆಂದು ಅಲ್ಲಿ ಸಿಕ್ಕಿಸಿದ್ದರು. ಮಡಿಯದು, ಯಾರ ಕೈಯೂ ತಾಗದ ಜಾಗ ಬೇಕೆಂದು ಒತ್ತಿ ಒತ್ತಿ ಹಿಂದಕ್ಕೆ ತಳ್ಳಿದ್ದರು. “ಇಲ್ಲಿ ಮಾತ್ರ ಕೈ ಹಾಕಬ್ಯಾಡ ನೋಡು” ಎಂದು ಭೀಮಶ್ಯಾ ಅವರಿಗೆ ಹೇಳಿದ್ದೂ ನೆನಪಾಯಿತು.

ಮುನಾಫ ಹೊರಗೆ ಬಂದು ಕೈ ಒರೆಸಿಕೊಂಡ. “ಹಂಗಂದ್ರ ನಾನೂ ಮುಟ್ಟಂಗಿಲ್ಲರಿ. ನೀವೇ ತೆಗೀರಿ ಅಮ್ಮಾರ.”

ಸುಮಿತ್ರಾಬಾಯಿ ಮೊದಲ ಸಲ ಡ್ರೈವರ್ ಸೀಟಿನಲ್ಲಿ ಕುಳಿತರು. ಸೆರಗು ಸಿಕ್ಕಿಸಿ, ಬಗ್ಗಿ, ಕತ್ತಲಲ್ಲಿ ಕೈ ಆಡಿಸಿದರು. ಗಂಟು ಎಳೆದಾಗ ಅದರ ದಾರಕ್ಕೆ ಸುತ್ತಿಕೊಂಡು ಒಂದು ವೈರಿನ ತುದಿಯೂ ಕಿತ್ತು ಬಂತು. ಎರಡು ಮುಳ್ಳೂ ಸೊನ್ನೆಗೆ ಬಿದ್ದವು. ಮುನಾಫ ಆ ತುದಿಯನ್ನು ಪಕ್ಕಡದಲ್ಲಿ ಒತ್ತಿ ಬಿಗಿಮಾಡಿ ಒಳಗೆ ಸೇರಿಸಿದ. ಮುಳ್ಳುಗಳು ನಿಧಾನವಾಗಿ ಎದ್ದವು. ಪೆಟ್ರೋಲಿನದು ಕುಂಕುಮದ ಬೊಟ್ಟನ್ನು ದಾಟಿ ಮೇಲೆ ಹೋಗಿ ನಿಂತಿತು.

“ಇದರ ಸಲುವಾಗೇ ಅಂತ ನಿನಗ ಮೊದಲೇ ಅನಸಿತ್ತೇನು?” ಬಾಯಿಯವರು ಗಂಟನ್ನು ಅಂಗೈಯಲ್ಲಿ ಹಿಡಿದೇ ಕೇಳಿದರು.

“ಅನಸಿತ್ತರಿ.”

“ಯಾಕ ಹೇಳಲಿಲ್ಲ?”

“ಹೇಳಿದ್ರ, ಅಲ್ಲಿ ಕೈ ಯಾಕ ಹಾಕಿದಿ ಅಂತ ಕೇಳ್ತಿದ್ರಿ. ಪೆಟ್ರೋಲಿಂದು ಒಂದು ಅನುಮಾನ ಹೊತ್ತಿದ್ದೆ. ಇನ್ನೊಂದು ಹೊರಾಕ ನನ್ನಿಂದ ಆಗ್ತಿದ್ದಿಲ್ಲ.”

ತಿರುಗಿ ಬರುವಾಗ ದಾರಿಯುದ್ದಕ್ಕೂ ಮುಳ್ಳುಗಳು ಅಲುಗಲಿಲ್ಲ. ಅಂಗಳದಲ್ಲಿ ಬಾಯಿಯವರು ಎಂದಿನಂತೆ ಕೀಲಿಗೆ ಕೈ ಚಾಚಿದರು. ಭೀಮಶ್ಯಾ ಕೀಲಿ ತೆಗೆಯಲಿಲ್ಲ. ಇಳಿದು, ಬಾಗಿಲು ತೆರೆದು ಹಿಡಿದರು. “ಮೊದಲ ಮುಳ್ಳು ನೋಡ್ರಿ.”

“ನೋಡೀನಲ್ಲ, ಕೊಡು.”

“ಇಲ್ಲ್ರಿ. ನೋಡಿ, ಎಲ್ಲಿ ಅದ ಅಂತ ಬಾಯಿಬಿಟ್ಟು ಹೇಳ್ರಿ.”

ಬಾಯಿಯವರು ಬಗ್ಗಿ ನೋಡಿ ಹೇಳಿದರು. ಆಗ ಭೀಮಶ್ಯಾ ಕೀಲಿ ಕೊಟ್ಟರು. ಆಮೇಲೆ ಪ್ರತಿ ಸಂಜೆಯೂ ಹೀಗೇ.

ಭೀಮಶ್ಯಾ ಕೆಲಸ ಬಿಡಲಿಲ್ಲ. ದಿನಾ ಕಾರು ಒರೆಸುವಾಗ ಮೀಟರಿನ ಗಾಜನ್ನು ಫಳಫಳ ಹೊಳೆಯಿಸಿ, ಬೊಟ್ಟನ್ನು ಮಾತ್ರ ಹಾಗೇ ಬಿಡುತ್ತಿದ್ದರು. “ಒರಸಿಬಿಡೋ,” ಎಂದು ಬಾಯಿಯವರು ಅಂದರೆ, “ನಿಮ್ಮ ಕೈಲಿ ಇಟ್ಟದ್ದು, ನಿಮ್ಮ ಕೈಲೇ ಹೋಗಬೇಕ್ರಿ,” ಎನ್ನುತ್ತಿದ್ದರು. ಕಡೆಗೊಂದು ದಿನ ಸುಮಿತ್ರಾಬಾಯಿ ಒದ್ದೆ ಬಟ್ಟೆ ತಂದು, ಸ್ಟ್ಯಾಂಡಿನ ಇಬ್ಬರು ಡ್ರೈವರುಗಳು ರಸ್ತೆಯಲ್ಲಿ ನಿಂತು ನೋಡುತ್ತಿರುವಾಗಲೇ ಅದನ್ನು ಒರೆಸಿದರು.

ಆ ಸಂಜೆಯೂ ಭೀಮಶ್ಯಾ ಕಾರು ನಿಲ್ಲಿಸಿ ಬಾಗಿಲು ತೆರೆದು ಹಿಡಿದರು.

“ಇನ್ನೂ ಏನು ನೋಡ್ಲಿ ಭೀಮಶ್ಯಾ? ಬೊಟ್ಟು ಒರಸೀನಲ್ಲ.”

“ಬೊಟ್ಟು ಹೋಗ್ಯದ್ರಿ. ಮುಳ್ಳು ನೋಡ್ರಿ ಬಾಯಾರ.”

ಸುಮಿತ್ರಾಬಾಯಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.