ಮಸಾಲೆಗೆ ಬಿದ್ದ ಪರೀಕ್ಷೆ

ಖಾರದ ಗಿರಣಿಯ ಬಾಗಿಲಲ್ಲಿ ಎಲ್ಲರಿಗೂ ಸೀನು ಬರುತ್ತದೆ. ನನಗೆ ನಗು ಬರುತ್ತದೆ. ಈ ಬೆಳಿಗ್ಗೆ ಚಿಕ್ಕೋಡಿಯಲ್ಲಿ ಅವ್ವನೊಂದಿಗೆ ಸರದಿಯಲ್ಲಿ ನಿಂತಿದ್ದಾಗ, ಯಾರದೋ ಬುಟ್ಟಿಯಿಂದ ಹುರಿದ ದಗಡಫೂಲದ ಘಮ ಬಂದಿತು. ದಗಡಫೂಲವೆಂದರೆ ಕಲ್ಲುಹೂವು, ಅದಿಲ್ಲದೆ ನಮ್ಮ ಕಡೆಯ ಮಸಾಲೆ ಖಾರ ಪೂರ್ಣವಾಗದು.

ಆ ಘಮಕ್ಕೆ ವರ್ಷಗಳ ಹಿಂದಿನ ಪರೀಕ್ಷೆಯೊಂದು ನೆನಪಾಯಿತು. ಆಗ ನಾನು ಪದವಿಯ ಕೊನೆಯ ವರ್ಷದಲ್ಲಿದ್ದೆ. ಮನೆತನದಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ. ನಾನು ತಪ್ಪು ಮಾತನಾಡಿದರೆ ಮನೆಯವರೆಲ್ಲರೂ ಅನುತ್ತೀರ್ಣರಾದಾರೆಂಬ ಭಯ. ಸಸ್ಯಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗೆಂದು ದಿಗ್ಗೇವಾಡಿ ಹಳ್ಳಿಯ ಬಾವಿಗಲ್ಲಿನಿಂದ ಬೇರೊಂದು ಜಾತಿಯ ಕಪ್ಪು ಕಲ್ಲುಹೂವನ್ನು ಬಿಡಿಸಿ, ಒಣಗಿಸಿ, ಕಾಗದದಲ್ಲಿ ಕಟ್ಟಿ ಅಡುಗೆಮನೆಯ ಗೋಡೆಯ ಮಾಡದಲ್ಲಿಟ್ಟಿದ್ದೆ. ಅಲ್ಲೇಕೆ ಎನ್ನುವಿರೇನೋ, ಇಲಿ ಹತ್ತದ ಜಾಗ ಅದೊಂದೇ ಇತ್ತು. ಶಿಲೀಂಧ್ರವೂ, ಬಿಸಿಲಿನಿಂದ ಆಹಾರ ತಯಾರಿಸುವ ಬ್ಯಾಕ್ಟೀರಿಯಾವೂ ಆ ಕಪ್ಪು ಕಲ್ಲುಹೂವಿನಲ್ಲಿ ಒಂದೇ ದೇಹವಾಗಿ ಬದುಕುತ್ತವೆ!

ಪರೀಕ್ಷೆಯ ಬೆಳಿಗ್ಗೆ ಮಾಡ ಖಾಲಿ. ಅವ್ವ ಒಲೆಯ ಮುಂದೆ.

“ಯವ್ವಾ, ಇಲ್ಲಿದ್ದ ಪುಡಿಕಿ ಎಲ್ಲೈತಿ?”

“ಹುರದ್ನಿ. ದಗಡಫೂಲ ಅಲ್ಲೇನ ಅದು? ವಾಸನೀನ ಬರಲಿಲ್ಲ, ಅದಕ ಇದ್ದದ್ದೆಲ್ಲಾ ಮಸಾಲಿಗೆ ಹಾಕೀನಿ.”

“ಅದು ನನ್ನ ಪರೀಕ್ಷಾದ್ದು ಬೇ!”

“ಹಂಗಂತ ಚೀಟಿ ಬರದ ಇಡಬೇಕಿಲ್ಲ?” ಎಂದವಳು, ತನಗೆ ಓದು ಬಾರದೆಂಬುದು ನೆನಪಾಗಿ, ತಾನೇ ನಕ್ಕಳು.

ನಾನು ಅಳುತ್ತಿದ್ದೆ. ಅವ್ವ ನೆಲವನ್ನೆಲ್ಲ ತಡವಿ, ಹುರಿಯುವ ಮೊದಲೇ ಒಲೆಯ ಬದಿಗೆ ಬಿದ್ದಿದ್ದ ಉಗುರಿನಷ್ಟು ತುಣುಕೊಂದನ್ನು ಹುಡುಕಿದಳು. ಅದಕ್ಕಂಟಿದ್ದ ಖಾರದ ಪುಡಿ ತೊಳೆಯಲೆಂದು ನೀರು ಚಿಮುಕಿಸಿದಳು. ನೋಡನೋಡುತ್ತಿದ್ದಂತೆ ಆ ಕಪ್ಪು ಚಕ್ಕೆ ಉಬ್ಬಿತು, ಮೃದುವಾಯಿತು, ಹಸಿರು ಛಾಯೆ ತಳೆದು ಅರಳಿತು!

“ಅಯ್ಯ, ಜೀವಂತ ಐತಲ್ಲ ಇದು!”

ಪುಸ್ತಕದಲ್ಲಿ ಹತ್ತು ಸಲ ಓದಿದ್ದೆ. ಕಣ್ಣಾರೆ ಕಂಡದ್ದು ಆಗಲೇ. ಆ ತುಣುಕನ್ನೇ ಹಿಡಿದು ಕಾಲೇಜಿಗೆ ಓಡಿದೆ.

“ಇದರಲ್ಲಿ ಯಾವುದು ಯಾವುದಕ್ಕೆ ಏನು ಕೊಡುತ್ತದೆ?” ಎಂದರು ಪರೀಕ್ಷಕರು. ಕಂಠಪಾಠ ಮಾಡಿದ್ದ ಶುದ್ಧ ವಾಕ್ಯಗಳೆಲ್ಲ ಹಾರಿಹೋದವು.

“ಒಂದು ಮನಿ ಕಟ್ಟಿ ನೀರ ಹಿಡಕೊಂಡಿರತೈತ್ರಿ, ಇನ್ನೊಂದು ಬಿಸಲಿನ್ಯಾಗ ಅಡಗಿ ಮಾಡತೈತ್ರಿ!” ಎಂದು ನಾಲಿಗೆ ಕಚ್ಚಿಕೊಂಡೆ.

ಅವರು ತುಣುಕನ್ನು ಮೂಸಿದರು. “ಉತ್ತರ ಬರೋಬರಿ ಐತಿ. ಆದರ ಖಾರದ ವಾಸನಿ ಯಾಕ ಬರಾಕತ್ತೈತಿ?”

ಉತ್ತೀರ್ಣಳಾದೆ. ಅಂದು ಸಂಜೆ ಅವ್ವ ಎಲ್ಲವನ್ನೂ ಎರಡು ಸಲ ಹೇಳಿಸಿಕೊಂಡಳು.

ಇಂದು ಗಿರಣಿಯಲ್ಲಿ ಮುಂದಿನ ಹೆಂಗಸಿಗೆ ಅವ್ವ ಹೇಳುತ್ತಿದ್ದಳು: “ದಗಡಫೂಲ ಅಂದ್ರ ಒಂದಲ್ಲ ಅಕ್ಕಾ, ಒಳಗ ಎರಡು ಜೀವ ಅದಾವ. ಒಂದು ಅಣಬಿ ಜಾತೀದು, ಒಂದು ಬ್ಯಾಕ್ಟೀರಿಯಾ. ಹೌದಿಲ್ಲ ಬೇ?”

ಬ್ಯಾಕ್ಟೀರಿಯಾ ಇದ್ದದ್ದು ನನ್ನ ಪರೀಕ್ಷೆಯ ಕಪ್ಪು ಜಾತಿಯಲ್ಲಿ; ಮಸಾಲೆಯ ಕಲ್ಲುಹೂವಿನಲ್ಲಿರುವುದು ಪಾಚಿ. ತಿದ್ದಲು ಬಾಯಿ ತೆರೆದೆ. ಸರದಿಯಲ್ಲಿದ್ದವರೆಲ್ಲ ಅವ್ವನನ್ನೇ ನೋಡುತ್ತಿದ್ದರು.

“ಹೌದ, ಯವ್ವಾ,” ಎಂದೆ.