ಡಿಸೆಂಬರಿನಿಂದ ಜನವರಿಗೆ

ನಾನು ಓದು ನಿಲ್ಲಿಸಿದ್ದು ೧೯೬೮ರಲ್ಲಿ, ಆರನೆಯ ಇಯತ್ತೆಯ ಅರ್ಧಕ್ಕೆ. ಇನ್ನು ಮುಂದೆ ಯಾರೂ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಪ್ರಶ್ನೆ ಕೇಳುವ ಹಾಗಿಲ್ಲ ಎಂಬ ಸಮಾಧಾನ ಅಂದು ಎಷ್ಟಿತ್ತೆಂದರೆ, ವಿಜಾಪುರದಿಂದ ಮುಂಬೈಗೆ ಬರುವ ದಾರಿಯುದ್ದಕ್ಕೂ ನಾನು ಅಳಲಿಲ್ಲ. ಆದರೆ ಪ್ರಶ್ನೆಗಳಿಗೆ ನಮ್ಮ ವಿಳಾಸ ಹೇಗೋ ಸಿಕ್ಕೇ ಸಿಗುತ್ತದೆ. ಕಳೆದ ಭಾನುವಾರ ಟಿವಿಯಲ್ಲಿ ಕಬಡ್ಡಿ ನೋಡುತ್ತ ಕೂತಿದ್ದೆ. ರೈಡಿಗೆ ಹೋದ ಹುಡುಗನೊಬ್ಬ ಎದುರಾಳಿಯ ಮೊಣಕಾಲಿಗೆ ತಲೆ ಬಡಿಸಿಕೊಂಡು ಚಾಪೆಯ ಮೇಲೆ ಅಂಗಾತ ಬಿದ್ದ. ಡಾಕ್ಟರು ಪೆಟ್ಟಿಗೆ ಹಿಡಿದು ಓಡಿ ಬರುವ ಮೊದಲೇ ಅವನ ಕೋಚು ಬಗ್ಗಿ, ಕಿವಿಯ ಹತ್ತಿರ ಬಾಯಿ ತಂದ. ಅಷ್ಟೇ. ನನ್ನ ಮೂಗಿಗೆ ಹಸಿ ಚರ್ಮದ ವಾಸನೆ ಹೊಡೆಯಿತು. ನಮ್ಮ ಮನೆಯಲ್ಲಿ ಆಗ ಸಾರಿನ ಒಗ್ಗರಣೆ ಬಿಟ್ಟರೆ ಬೇರೇನೂ ಇರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನು ಧಾರಾವಿಯ ಒಂದು ಗಾಳಾದಲ್ಲಿ ಚರ್ಮದ ಚೀಲಗಳಿಗೆ ತುಂಡು ಕತ್ತರಿಸುತ್ತಿದ್ದೆ. ಗಾಳಾ ಎಂದರೆ ಕಾರ್ಖಾನೆ ಎಂದುಕೊಳ್ಳಬೇಡಿ; ಹತ್ತು ಜನ ಕೂತರೆ ಹನ್ನೊಂದನೆಯವನು ಬಾಗಿಲಲ್ಲಿ ನಿಲ್ಲಬೇಕಾದ ಕೋಣೆ. ಕೆಲಸದಲ್ಲಿ ನನ್ನ ಕೈಗೆ ಹೆಸರಿತ್ತು, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನಾನು ಕತ್ತರಿಸಿದ ತುಂಡನ್ನು ಹೊಲಿಯುವವನು ತಿರುಗಿಸಿ ನೋಡುತ್ತಿರಲಿಲ್ಲ. ನನ್ನ ತಮ್ಮ ಬಸವರಾಜ, ನಮ್ಮ ಬಸ್ಯಾ, ಅದೇ ಗಾಳಾದಲ್ಲಿ ಕೊಡತಿ ಹಿಡಿದು ತೂತು ಹೊಡೆಯುತ್ತಿದ್ದ. ಆದರೆ ಅವನು ಹುಟ್ಟಿದ್ದು ತೂತು ಹೊಡೆಯಲಿಕ್ಕಲ್ಲ, ಕಬಡ್ಡಿಗೆ. ನಮ್ಮ ಗಲ್ಲಿಯ ತಂಡದಲ್ಲಿ ಅವನೇ ರೈಡರ್. ಚೆಂಬೂರಿನ ಕಡೆಯ ದೊಡ್ಡ ಕಂಪನಿಯೊಂದು ಒಳ್ಳೆಯ ಆಟಗಾರರಿಗೆ ಪರ್ಮನೆಂಟ್ ನೌಕರಿ ಕೊಡುತ್ತಿತ್ತು. ಅವರ ಕಣ್ಣು ಬಸ್ಯಾನ ಮೇಲೆ ಬಿದ್ದಿದೆ ಎಂದು ಕ್ಯಾಪ್ಟನ್ ಗಣಪತ್ ಸುದ್ದಿ ತಂದಿದ್ದ. ನಮ್ಮ ಮನೆತನದಲ್ಲಿ ಯಾರೂ ಗೇಟಿನಲ್ಲಿ ಕಾರ್ಡ್ ತೋರಿಸಿ ಒಳಗೆ ಹೋದವರಿಲ್ಲ. ಅವನೊಬ್ಬ ಹೋಗಲಿ ಎಂದು ನಾನು ಕಾಯುತ್ತಿದ್ದೆ.

ಆಗಲೇ ಡಾಕ್ಟರ್ ಬಾಯಿ ಬಂದದ್ದು. ಹೆಸರು ವಸುಮತಿ; ಬಾಯಿ ಎನ್ನುವುದು ಮುಂಬೈಯ ರೂಢಿ, ನಮ್ಮಲ್ಲಿ ಅಮ್ಮ ಎಂದ ಹಾಗೆ. ಚೆಂಬೂರಿನಲ್ಲಿ ಮನೆ, ಮೈಸೂರಿನ ಕಡೆಯ ಮಾತು, ಹೆಗಲಿಗೊಂದು ಚೀಲ. ಆ ಚೀಲದ ಹೊಲಿಗೆ ಸರಿಯಿಲ್ಲ ಎಂಬುದನ್ನೇ ನಾನು ಮೊದಲು ನೋಡಿದ್ದು. ಕಬಡ್ಡಿಯಲ್ಲಿ ತಲೆಗೆ ಪೆಟ್ಟು ಬಿದ್ದವರಿಗೆ ಆ ಹೊತ್ತಿನಲ್ಲಿ, ಆಮೇಲೆ ಏನೇನಾಗುತ್ತದೆ ಎಂದು ಬರೆದುಕೊಳ್ಳಬೇಕಂತೆ.

"ಇಷ್ಟು ದಿನ ಯಾರೂ ಬರೆದಿಲ್ಲ ಅಂತಲ್ಲ," ಎಂದಳು. "ಒಬ್ಬೊಬ್ಬರು ಒಂದೊಂದು ಥರ ಬರೀತಾರೆ. ಒಬ್ಬರು ತಲೆ ಸುತ್ತು ಅಂತಾರೆ, ಇನ್ನೊಬ್ಬರು ಬೇಹೋಷ್ ಅಂತಾರೆ, ಮತ್ತೊಬ್ಬರು ಚಕ್ಕರ್ ಅಂತಾರೆ. ಮೂರೂ ಒಂದೇನಾ ಬೇರೆಬೇರೇನಾ, ಯಾರಿಗೆ ಗೊತ್ತು? ಅದಕ್ಕೇ ಎಲ್ಲಾ ಮೈದಾನದಲ್ಲೂ ಅವೇ ಪ್ರಶ್ನೆ, ಅದೇ ಮಾತು, ಅದೇ ಕ್ರಮ."

"ಬರಕೊಂಡ ಕಾಗದ ಎಲ್ಲಿಗೆ ಹೋಗ್ತಾವ್ರೀ?" ಎಂದು ಕೇಳಿದೆ.

"ನನ್ನ ಹತ್ರಾನೇ ಇರತ್ತೆ."

ಇದನ್ನು ನಂಬುವವನು ಧಾರಾವಿಯಲ್ಲಿ ಬಾಳುವೆ ಮಾಡಿರಲಿಕ್ಕಿಲ್ಲ. ಕಾಗದ ಹಿಡಿದು ನಗುನಗುತ್ತ ಬಂದು, ಮನೆಯಲ್ಲಿ ಎಷ್ಟು ಜನ ಎಂದು ಕೇಳಿ ಹೋದವರ ಬೆನ್ನಿಗೇ ಗೋಡೆ ಕೆಡವುವವರು ಬಂದದ್ದನ್ನು ನಾನು ಕಂಡಿದ್ದೆ. ಈ ಹೆಣ್ಣುಮಗಳಿಗೆ ಸಂಬಳ ಕೊಡುವವರು ಯಾರು? ಕಂಪನಿಯವರೇ ಇರಬೇಕು. ಯಾರ ತಲೆ ಗಟ್ಟಿ, ಯಾರದು ಟೊಳ್ಳು ಎಂದು ಮೊದಲೇ ತಿಳಿದುಕೊಂಡು ನೌಕರಿ ಕೊಡುವ ಹಂಚಿಕೆ ಇರಬೇಕು. ಹೀಗೆ ಲೆಕ್ಕ ಹಾಕಿ, ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ಪೆಟ್ಟು ಬೀಳುವ ಮೊದಲು ಎಲ್ಲರೂ ನೆಟ್ಟಗಿರುವಾಗ ಒಂದು ಸಲ ಕೇಳಿಡುತ್ತೇನೆ ಎಂದಳು. ಯಾರು ಮೊದಲಿನಿಂದಲೂ ಮಂದ, ಯಾರು ಪೆಟ್ಟು ತಿಂದು ಮಂದವಾದವರು ಎಂದು ತಿಳಿಯಬೇಕಲ್ಲ! ಇದು ಯಾವ ಮೈದಾನ? ನಡೆಯುತ್ತಿರುವುದು ಮೊದಲ ಅರ್ಧವೋ ಎರಡನೆಯದೋ? ಕೊನೆಯ ಪಾಯಿಂಟ್ ಯಾರದು? ಹಿಂದಿನ ಪಂದ್ಯ ಯಾರ ಜೊತೆ? ಕಡೆಗೆ, ಡಿಸೆಂಬರಿನಿಂದ ಹಿಂದಕ್ಕೆ ತಿಂಗಳುಗಳನ್ನು ಹೇಳಿ. ಗಣಪತ್ ಆಗಸ್ಟಿನಲ್ಲಿ ದಾರಿ ತಪ್ಪಿ ಮತ್ತೆ ನವೆಂಬರಿಗೆ ಹೋದ. ಬಸ್ಯಾ ಹಿಂದಿನ ಪಂದ್ಯದ ತಂಡವನ್ನು "ಆ ಕೆಂಪು ಚಡ್ಡಿಯವ್ರು" ಎಂದ. ಹಾಗೇ ನನ್ನ ಕಡೆ ತಿರುಗಿ, "ನೀವೂ ಹೇಳಿ ನೋಡೋಣ," ಎಂದಳು. ನಾನು ಆಟಗಾರನೂ ಅಲ್ಲ, ತಂಡಕ್ಕೆ ನೀರು ಕೊಡುವವನು. ಸೆಪ್ಟೆಂಬರಿನವರೆಗೆ ಬಂದೆ. ಅಲ್ಲಿಂದ ಕೆಳಗೆ ಮೆಟ್ಟಿಲೇ ಇರಲಿಲ್ಲ. ಅವಳು ನಗಲಿಲ್ಲ, ಬರೆದುಕೊಂಡಳು. ನಕ್ಕಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಮರುದಿನದಿಂದ ನಮ್ಮ ಗಾಳಾದಲ್ಲಿ ಶಾಲೆ ಶುರುವಾಯಿತು. ಬಸ್ಯಾನ ಕೊಡತಿಯ ತಾಳಕ್ಕೆ ಎಲ್ಲರೂ ಹೇಳಬೇಕು: ಡಿಸೆಂಬರ್, ನವೆಂಬರ್, ಅಕ್ಟೋಬರ್. ಒಂದು ಪೆಟ್ಟಿಗೆ ಒಂದು ತಿಂಗಳು, ಒಂದು ತಿಂಗಳಿಗೆ ಒಂದು ತೂತು. ಸಂಜೆ ತಂಡದವರೆಲ್ಲ ಬಂದು ಅದೇ ಪಾಠ ಒಪ್ಪಿಸುತ್ತಿದ್ದರು. ಚೀಲ ಕೊಳ್ಳಲು ಬಂದ ಮಾರವಾಡಿ ಸೇಠ್ ಬಾಗಿಲಲ್ಲಿ ನಿಂತು, ಇವರು ಯಾವ ದೇವರ ಭಜನೆ ಮಾಡುತ್ತಿದ್ದಾರೆ ಎಂದು ಗಣಪತ್‌ನನ್ನು ಕೇಳಿದ. ಗಣಪತ್, "ಡಾಕ್ಟರ್ ದೇವಿ ಕಾ," ಎಂದ. ಮತ್ತೆ ಬಾಯಿ ಬಂದು ಕೇಳಿದಾಗ ನಮ್ಮವರೆಲ್ಲ ಎಲ್‌ಐಸಿ ಏಜೆಂಟರ ಹಾಗೆ ಪಟಪಟನೆ ಹೇಳಿದರು. ಅವಳ ಹುಬ್ಬು ಗಂಟಾಯಿತು. ನನಗೆ ಹಬ್ಬ.

ಮೈದಾನದ್ದು, ಹಿಂದಿನ ಪಂದ್ಯದ್ದು ಬೆಳಗ್ಗೆಯೇ ಕಲಿಸಿ ಕಳಿಸಬಹುದು. ಯಾವ ಅರ್ಧ, ಯಾರ ಪಾಯಿಂಟ್ ಎಂಬುದನ್ನು ಹೇಗೆ ಕಲಿಸುವುದು? ಅದಕ್ಕೂ ದಾರಿಯಿತ್ತು. ನಮ್ಮಲ್ಲಿ ಯಾರಾದರೂ ತಲೆ ತಿರುಗಿ ಬಿದ್ದರೆ ಹಸಿ ಚರ್ಮದ ತುಂಡೊಂದನ್ನು ಮಡಿಸಿ ಮೂಗಿಗೆ ಹಿಡಿಯುವ ಪದ್ಧತಿ. ಆ ವಾಸನೆಗೆ ಹೆಣವೂ ಏಳುತ್ತದೆ ಎನ್ನುತ್ತಿದ್ದರು. ಹಿಡಿಯುವವನು ನಾನು. ಬಗ್ಗಿದವನ ಬಾಯಿ ಬಿದ್ದವನ ಕಿವಿಗೆ ಎಷ್ಟು ಹತ್ತಿರ ಇರುತ್ತದೆ ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಲಾಡ್‌ನಲ್ಲಿ ದೊಡ್ಡ ಪಂದ್ಯಾವಳಿ. ಕಂಪನಿಯವರು ನೋಡಲು ಬರುತ್ತಾರೆಂದು ಎಲ್ಲರಿಗೂ ಗೊತ್ತು. ಬೆಳಗ್ಗೆ ಮಾಹಿಮ್‌ನಲ್ಲಿ ಲೋಕಲ್ ಹತ್ತುವ ನೂಕಾಟದಲ್ಲಿ ಬಸ್ಯಾನ ಒಂದು ಚಪ್ಪಲಿ ಹಳಿಯ ಮೇಲೆ ಬಿತ್ತು. ದಿನವಿಡೀ ಚರ್ಮದ ನಡುವೆ ಕೂರುವವನು ಒಂದೇ ಚಪ್ಪಲಿಯಲ್ಲಿ ಮಲಾಡ್ ಸ್ಟೇಶನ್ ಇಳಿದ! ದಾರಿಯುದ್ದಕ್ಕೂ ನಗುವೋ ನಗು. "ಕಂಪನಿಯವ್ರು ಅರ್ಧಾ ನೌಕರಿ ಕೊಡ್ತಾರ ನೋಡಲೇ," ಎಂದು ನಾನೂ ಕಾಡಿದೆ. ಉಳಿದ ಚಪ್ಪಲಿಯನ್ನು ಅವನು ಸ್ಟೇಶನ್ನಿನ ಹೊರಗೆ ಒಬ್ಬ ಭಿಕ್ಷುಕನಿಗೆ ಕೊಡಲು ಹೋದರೆ, ಭಿಕ್ಷುಕ, "ಇನ್ನೊಂದು ಎಲ್ಲಿ?" ಎಂದು ಜಗಳಕ್ಕೇ ನಿಂತ. ನಕ್ಕು ನಕ್ಕು ಬಸ್ಯಾ ರಸ್ತೆಯಲ್ಲೇ ಕೂತುಬಿಟ್ಟ.

ಎರಡನೆಯ ಅರ್ಧದಲ್ಲಿ ಅವನು ರೈಡಿಗೆ ಹೋಗಿ ತಿರುಗುವಾಗ ಒಬ್ಬ ಕಾಲು ಹಿಡಿದ, ಇನ್ನೊಬ್ಬನ ಮೊಣಕಾಲು ಕಣ್ಣಿನ ಪಕ್ಕಕ್ಕೆ ಬಡಿಯಿತು. ತೆಂಗಿನಕಾಯಿ ಒಡೆದಂಥ ಸದ್ದೇನೂ ಆಗಲಿಲ್ಲ, ಮೆತ್ತಗೆ ಬಿದ್ದ. ನಾನು ಚರ್ಮ ಹಿಡಿದು ಓಡಿದೆ. "ಎರಡನೇ ಅರ್ಧ. ಪಾಯಿಂಟ್ ಗಣಪತ್‌ಂದು," ಎಂದು ಕಿವಿಯಲ್ಲಿ ಉಸುರಿದೆ. ಕಣ್ಣು ಬಿಟ್ಟ. ಎದ್ದು ಕೂತ. ಜನ ಚಪ್ಪಾಳೆ ಹೊಡೆದರು. ಡಾಕ್ಟರ್ ಬಾಯಿ ಬಂದು ಕೇಳಿದಳು. ಮಲಾಡ್, ಎರಡನೆಯ ಅರ್ಧ, ಗಣಪತ್, ಹಿಂದಿನ ಪಂದ್ಯದ ತಂಡ, ಎಲ್ಲ ಸರಿ. ತಿಂಗಳು ಹೇಳಿ ಎಂದಳು. ಡಿಸೆಂಬರಿನಿಂದ ಹೊರಟು ಎಲ್ಲೂ ನಿಲ್ಲದೆ ಜನವರಿ ಮುಟ್ಟಿದ.

"ಪಾಸ್ ಹೋ ಗಯಾ! ಚಲ್ ಬಸ್ಯಾ, ಖೇಲ್!" ಎಂದು ಗಣಪತ್ ಕೂಗಿದ.

ಬಸ್ಯಾ ನಿಲ್ಲಲಿಲ್ಲ. ಜನವರಿ ಆದ ಮೇಲೆ ಮತ್ತೆ ಡಿಸೆಂಬರ್, ನವೆಂಬರ್, ಅಕ್ಟೋಬರ್. ಬಲಗೈ ತೊಡೆಯ ಮೇಲೆ ಕೊಡತಿಯ ಹಾಗೆ ಬೀಳುತ್ತಿತ್ತು. "ಸಾಕು ಬಸವರಾಜು, ಮುಗೀತು," ಎಂದಳು ಬಾಯಿ. ಜನವರಿ, ಡಿಸೆಂಬರ್, ನವೆಂಬರ್. ಕಣ್ಣು ನನ್ನ ಮೇಲೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಕಂಪನಿಯವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದರು. ಅವಳು ಕೈಯಲ್ಲಿದ್ದ ಕಾಗದ ನೋಡಿದಳು, ಅವನನ್ನು ನೋಡಿದಳು. ಕಾಗದದ ಪ್ರಕಾರ ಅವನಿಗೆ ಏನೂ ಆಗಿಲ್ಲ. ಕಾಗದ ಬಿಟ್ಟು ಇನ್ನೊಂದು ಪ್ರಶ್ನೆ ಅವಳು ಕೇಳುವಂತಿಲ್ಲ. ಆ ನಿಯಮ ಅವಳದೇ.

ನನಗೆ ನಿಯಮವಿರಲಿಲ್ಲ. ಅವನ ಕೈ ಹಿಡಿದು ನಿಲ್ಲಿಸಿ ಕೇಳಿದೆ: "ಬಸ್ಯಾ, ಮುಂಜಾನೆ ಲೋಕಲ್‌ನ್ಯಾಗ ಏನಾತು?"

ಅವನ ತುಟಿ ಮತ್ತೆ ಡಿಸೆಂಬರಿಗೆ ಹೊರಟಿತು.

"ನಿನ್ನ ಚಪ್ಪಲಿ ಎಲ್ಲಿ ಅದ?"

ತನ್ನ ಬರಿಗಾಲನ್ನು ನೋಡಿಕೊಂಡ. "ನನ್ನ ಚಪ್ಪಲಿ ಯಾರು ಒಯ್ದ್ರು ಅಣ್ಣಾ?" ಎಂದು ಅಳುವ ದನಿಯಲ್ಲಿ ಕೇಳಿದ.

ನಾನು ಅವನನ್ನು ಹೊರಗೆ ಕರೆತಂದು ಕೂರಿಸಿದೆ. ಗಣಪತ್ ನನ್ನ ಅಂಗಿ ಹಿಡಿದ. "ಪಾಗಲ್ ಹೈ ಕ್ಯಾ? ವೋ ಲೋಗ್ ದೇಖ್ ರಹೇ ಹೈಂ!" ನೋಡಲಿ ಎಂದೆ. ಪಂದ್ಯ ಮುಗಿಯುವ ಮೊದಲೇ ಕುರ್ಚಿಗಳು ಖಾಲಿಯಾದವು. ಬಸ್ಯಾ ಆಸ್ಪತ್ರೆಯ ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡ. ಆಮೇಲೆ ಎಷ್ಟೋ ದಿನ ಬೆಳಕಿಗೆ ಕಣ್ಣು ಬಿಡುತ್ತಿರಲಿಲ್ಲ, ಕೊಡತಿಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಆ ವರ್ಷ ಕಂಪನಿ ಮತ್ತೊಬ್ಬನನ್ನು ತೆಗೆದುಕೊಂಡಿತು.

ಬಾಯಿ ಒಂದು ದಿನ ಗಾಳಾಕ್ಕೇ ಬಂದಳು. ಅವನ ಕಣ್ಣಿಗೆ ದೀಪ ಬಿಟ್ಟು ನೋಡಿ, ಚಾ ಕುಡಿದು, "ನಿಮ್ಮ ಟೀಮಿಂದು ಪೂರ್ತಿ ತೆಗೆದುಹಾಕಿಬಿಟ್ಟೆ," ಎಂದಳು.

"ಯಾಕ್ರೀ? ನಮ್ಮವ್ರ ತಲಿ ಲೆಕ್ಕಕ್ಕಿಲ್ಲೇನು?" ನನಗೆ ಕೋಪವೇ ಬಂತು.

"ನೀವು ಹೇಳಿಕೊಟ್ಟಿದ್ದು ಲೆಕ್ಕಕ್ಕಿಲ್ಲ."

"ಹಂಗಾದ್ರ ನನ್ನ ಚಪ್ಪಲಿ ಪ್ರಶ್ನೆ ಹಾಕ್ಕೋರಿ. ಅದನ್ನ ಯಾರೂ ಹೇಳಿಕೊಟ್ಟಿರಲಿಲ್ಲ."

"ಒಳ್ಳೆ ಪ್ರಶ್ನೆ. ಆದ್ರೆ ಚೆಂಬೂರಲ್ಲಿ ಆಡೋನು ಚಪ್ಪಲಿ ಕಳ್ಕೊಂಡಿಲ್ವಲ್ಲ?"

ಎದುರಿಗೇ ಫರ್ಮಾ ಬಿದ್ದಿತ್ತು, ಚೀಲದ ಆಕಾರಕ್ಕೆ ಕತ್ತರಿಸಿದ ತಗಡು. ಅದನ್ನು ಚರ್ಮದ ಮೇಲಿಟ್ಟೇ ನಾವೆಲ್ಲ ಗೆರೆ ಎಳೆಯುವುದು. ಒಬ್ಬೊಬ್ಬನು ಒಂದೊಂದು ಫರ್ಮಾ ಇಟ್ಟರೆ ಚೀಲದ ಎರಡು ಬದಿ ಎಂದೂ ಕೂಡುವುದಿಲ್ಲ. ಆದರೆ ಕೆಳಗಿನ ಚರ್ಮವನ್ನೇ ಯಾರಾದರೂ ಫರ್ಮಾಕ್ಕೆ ತಕ್ಕಂತೆ ಎಳೆದು ಹಿಡಿದರೆ? ಕತ್ತರಿಸುವಾಗ ಸರಿಯಾಗಿಯೇ ಕಾಣುತ್ತದೆ. ಕೈಬಿಟ್ಟೊಡನೆ ಮುದುಡಿಕೊಳ್ಳುತ್ತದೆ.

ಆಮೇಲೆ ಅವಳು ಪ್ರಶ್ನೆಗಳ ಬೇರೆಬೇರೆ ಕಂತೆ ಮಾಡಿದಳು, ಎಲ್ಲವೂ ಒಂದೇ ತೂಕದವು. ಯಾವ ದಿನ ಯಾವುದು ಎಂದು ಆಟಗಾರರಿಗೆ ಗೊತ್ತಿಲ್ಲ. ಬಿದ್ದವನ ಹತ್ತಿರ ಕೇಳುವವನೇ ಮೊದಲು ಹೋಗಬೇಕು, ಚರ್ಮ ಹಿಡಿಯುವವನಲ್ಲ. ಚೆಂಬೂರಿನ ಮೈದಾನಕ್ಕೆ ಕೇಳುವವನಾಗಿ ನನ್ನನ್ನೇ ಕೂರಿಸಿದಳು. ಕಳ್ಳನ ಕೈಗೆ ಕೀಲಿ ಕೊಡುವ ಬುದ್ಧಿ ಅವಳಿಗೆ ಎಲ್ಲಿಂದ ಬಂತೋ. ನಗಬಾರದು, ಹುಬ್ಬು ಏರಿಸಬಾರದು, ಉತ್ತರ ತಪ್ಪಾದರೆ ಕೆಮ್ಮಬಾರದು ಎಂದು ತಾಕೀತು. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಮುಖ ಸಪ್ಪಗೆ ಮಾಡಿಕೊಳ್ಳುವುದನ್ನು ಕಲಿಯುತ್ತಿದ್ದರೆ, ನನ್ನ ಹೆಂಡತಿ, "ಯಾರು ತೀರಿಕೊಂಡ್ರು?" ಎಂದು ಹೆದರಿ ಓಡಿಬಂದಳು.

ಆ ಕಾಗದಗಳೆಲ್ಲ ಕಡೆಗೆ ಎಲ್ಲಿಗೆ ಹೋದವು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಬಾಯಿ ಕೆಲವು ವರ್ಷಗಳ ಮೇಲೆ ಮುಂಬೈ ಬಿಟ್ಟಳು. ಅಚ್ಚಾದದ್ದೇನನ್ನೂ ನಾನು ಕಂಡಿಲ್ಲ. ಕಂಪನಿಯವರ ಕಪಾಟಿನಲ್ಲಿ ಇದ್ದರೂ ಇರಬಹುದು. ಸಂಶಯ ನನ್ನನ್ನು ಬಿಟ್ಟಿಲ್ಲ, ಕೂತ ಜಾಗ ಮಾತ್ರ ಬದಲಾಗಿದೆ. ಮೊದಲು ನಾನು ಕಾಗದ ಹಿಡಿದು ಬರುವವರ ಕೈ ನೋಡುತ್ತಿದ್ದೆ. ಈಗ ಬಿದ್ದವನ ಹತ್ತಿರ ಮೊದಲು ಬಗ್ಗುವವನ ತುಟಿ ನೋಡುತ್ತೇನೆ.

ಕಳೆದ ಭಾನುವಾರವೂ ಅದನ್ನೇ ನೋಡಿ ಎದ್ದು ನಿಂತೆ. "ಏ, ಕಿವ್ಯಾಗ ಏನ್ ಹೇಳ್ತಿಯೋ? ಸರಿ ಆಚೆ! ಡಾಕ್ಟರ್ ಕೇಳ್ಲಿ!" ಎಂದು ಟಿವಿಗೆ ಕೂಗಿದೆ. ಪಕ್ಕದಲ್ಲಿ ಬಸ್ಯಾ ಕೂತಿದ್ದ. ಭಾನುವಾರ ಊಟಕ್ಕೆ ಬರುತ್ತಾನೆ. ಮಲಾಡ್‌ನ ಆ ಪಂದ್ಯ ಅವನಿಗೆ ಇಂದಿಗೂ ನೆನಪಿಲ್ಲ, ನೆನಪಿಲ್ಲದ್ದಕ್ಕೇ ನನ್ನ ಮಾತನ್ನು ಪೂರ್ತಿ ನಂಬುವುದೂ ಇಲ್ಲ.

"ಅವಗ ಏನೂ ಆಗಿಲ್ಲ ತಗೋ," ಎಂದ. "ನನಗೂ ಏನೂ ಆಗಿರಲಿಲ್ಲ. ಸುಮ್ನ ಎಬ್ಬಿಸಿ ಹೊರಗ ಕುಂದ್ರಿಸಿ ನನ್ನ ನೌಕರಿ ಕಳದಿ."

ಇರಬಹುದು ಎಂದೆ. ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಲು ಹೆಂಡತಿಗೆ ಹೇಳಿದೆ.

ಈಗ ನನ್ನ ಬಳಿ ಇರುವುದು ಇಷ್ಟು: ಮಲಾಡ್‌ನಲ್ಲಿ ಒಂದು ಖೋಲಿ, ಧಾರಾವಿಯಲ್ಲಿ ಅರ್ಧ ಗಾಳಾ, ಎರಡು ಹೊಲಿಗೆ ಮಿಷನ್ನು, ಅಂಚು ಸವೆದ ಒಂದು ಫರ್ಮಾ, ಇನ್ನೂ ಸಿಟ್ಟು ಇಳಿಯದ ಒಬ್ಬ ತಮ್ಮ.